ಕಾಲುಬೆಲೆಗೆ ಹೊಲಿಗೆ ಮಿಷನ್ ಅಂತೆ, ನಂಬಬಹುದಾ?

ಹೊಸಸೂಜಿ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಹೊಲಿಗೆ ಕಲೀತಿದ್ದೀನಿ, ತರಗತಿಯಲ್ಲಿರೋ ಮಿಷನ್ ಮೇಲೆ. ಈಗ ಮನೆಗೊಂದು ಬೇಕು ಅನ್ನಿಸಿದೆ. ನಿನ್ನೆ ರಾತ್ರಿ ಫೋನ್ ನೋಡ್ತಾ ಇದ್ದಾಗ ಒಂದು ಜಾಹೀರಾತು ಬಂತು. ಗೋದಾಮು ಖಾಲಿ ಮಾಡ್ತಿದ್ದಾರಂತೆ. ಕಂಪ್ಯೂಟರೈಸ್ಡ್ ಮಿಷನ್, ಇನ್ನೂರಕ್ಕೂ ಹೆಚ್ಚು ನಮೂನೆ ಹೊಲಿಗೆ, ಬೆಲೆ ಮಾತ್ರ ಅಂಗಡಿಯಲ್ಲಿ ಕೇಳಿದ್ದರ ಕಾಲುಭಾಗಕ್ಕಿಂತ ಕಡಿಮೆ. ಪಕ್ಕದಲ್ಲೇ ಗಡಿಯಾರ ಓಡ್ತಿತ್ತು: ‘ಇನ್ನು 14 ನಿಮಿಷ, ಉಳಿದಿರೋದು 3 ಮಾತ್ರ’. ನನ್ನ ಬೆರಳು ಹಣ ಕಟ್ಟೋ ಗುಂಡಿ ಮೇಲೇ ಇತ್ತು, ಅಷ್ಟರಲ್ಲಿ ಫೋನಿನ ಚಾರ್ಜ್ ಮುಗೀತು. ಬೆಳಿಗ್ಗೆ ಎದ್ದು ಬೇಜಾರಲ್ಲೇ ತೆಗೆದು ನೋಡಿದ್ರೆ ಅದೇ ಗಡಿಯಾರ, ಮತ್ತೆ 14 ನಿಮಿಷ, ಮತ್ತೆ 3.

ಇನ್ನೊಂದು ವಿಷಯ. ಪರಿಚಯದವರ ಪರಿಚಯದವರೊಬ್ಬರು ಹಳೇ ಕಬ್ಬಿಣದ ಮಿಷನ್ ಮಾರ್ತಿದ್ದಾರೆ. ಅದೂ ತೀರಾ ಅಗ್ಗ, ಮೇಲಿಂದ ಕೆಳಗೆ ಇಳಿಸ್ಕೊಂಡು ಹೋದ್ರೆ ಸಾಕು ಅನ್ನೋ ಹಾಗೆ ಮಾತಾಡ್ತಾರೆ. ಎರಡೂ ಮೋಸಾನಾ? ಒಂದು ಮಾತ್ರಾನಾ? ನನ್ನಂಥ ಹೊಸಬಳಿಗೆ ಹೇಗೆ ಗೊತ್ತಾಗಬೇಕು?

ಖಾಲಿಬಾಬಿನ್
ಮೊದಲು ನಿಮ್ಮ ಫೋನಿನ ಬ್ಯಾಟರಿಗೊಂದು ನಮಸ್ಕಾರ ಹಾಕಿ.

ಅರ್ಧಗಜ
ಆ ಗುಂಡಿ ಒತ್ತಿದವಳು ನಾನು. ಹೋದ ವರ್ಷ. ಚಿತ್ರದಲ್ಲಿ ಇದ್ದದ್ದು ಬೆಳ್ಳಗಿನ ಟೇಬಲ್ ಮಿಷನ್, ಮುಂದೆ ಸಣ್ಣ ಪರದೆ, ಪಕ್ಕದಲ್ಲಿ ನಗ್ತಾ ಕೂತ ಹೆಂಗಸು. ಮೂರು ವಾರ ಆದ್ಮೇಲೆ ಬಂದ ಪೊಟ್ಟಣ ಟಾರ್ಚಿನ ಡಬ್ಬಿಯಷ್ಟಿತ್ತು. ಒಳಗೆ ಸ್ಟೇಪ್ಲರ್ ಥರ ಕೈಯಲ್ಲಿ ಹಿಡಿದು ಒತ್ತೋ ಪ್ಲಾಸ್ಟಿಕ್ ಸಾಮಾನು.

ಕೇಳಿದ್ರೆ ‘ನಮ್ಮ ದಾಖಲೆ ಪ್ರಕಾರ ನಿಮಗೆ ತಲುಪಿದೆ’ ಅಂದರು. ಪೊಟ್ಟಣ ತಲುಪಿರೋದು ನಿಜ ತಾನೇ, ಅದೇ ಅವರ ಉಪಾಯ. ಏನೂ ಕಳಿಸದಿದ್ರೆ ನಾವು ಹಣ ವಾಪಸ್ ಕೇಳೋದು ಸುಲಭ. ಏನೋ ಒಂದು ಕಳಿಸಿಬಿಟ್ರೆ ಟ್ರ್ಯಾಕಿಂಗ್‌ನಲ್ಲಿ ‘ತಲುಪಿದೆ’ ಅಂತ ಬೀಳುತ್ತೆ, ವಾದ ಮಾಡೋ ಹೊರೆ ನಮ್ಮ ತಲೆ ಮೇಲೆ. ಆಮೇಲೆ ಚೌಕಾಸಿ ಶುರು. ವಸ್ತು ನೀವೇ ಇಟ್ಕೊಳ್ಳಿ, 15 ಪರ್ಸೆಂಟ್ ಕೊಡ್ತೀವಿ. ಒಪ್ಪಲ್ವಾ, 25. ವಾಪಸ್ ಕಳಿಸ್ತೀನಿ ಅಂದ್ರೆ ಇನ್ಯಾವುದೋ ದೇಶದ ವಿಳಾಸ, ಕಳಿಸೋ ಖರ್ಚೇ ವಸ್ತುವಿಗಿಂತ ಜಾಸ್ತಿ.

ನನ್ನನ್ನ ಉಳಿಸಿದ್ದು ಪೊಟ್ಟಣಕ್ಕೆ ಅಂಟಿಸಿದ್ದ ಚೀಟಿ. ಅದರಲ್ಲಿ ತೂಕ ಅಚ್ಚಾಗಿತ್ತು, 0.3 ಕೆಜಿ. ಅವರದೇ ಪುಟದಲ್ಲಿ ಮಿಷನ್ನಿನ ತೂಕ 6 ಕೆಜಿ ಅಂತ ಬರೆದಿದ್ರು. ಎರಡರ ಫೋಟೊ ತೆಗೆದು ಬ್ಯಾಂಕಿಗೆ ಕಳಿಸಿದೆ. ಕಾರ್ಡಿನಲ್ಲಿ ಕಟ್ಟಿದ್ದರಿಂದ ದೂರು ತಗೊಂಡರು, ಒಂದೂವರೆ ತಿಂಗಳಿಗೆ ದುಡ್ಡು ವಾಪಸ್ ಬಂತು. ನೇರವಾಗಿ ಯಾರದೋ ಖಾತೆಗೆ ಹಾಕಿದ್ದಿದ್ರೆ ಗೊತ್ತಲ್ಲ, ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಹಾಗಾಗಿ ಡಬ್ಬಿ, ಚೀಟಿ ಯಾವುದನ್ನೂ ಹರಿದು ಬಿಸಾಕಬೇಡಿ. ಒಡೆಯೋದನ್ನ ವಿಡಿಯೋ ಮಾಡ್ಕೊಳ್ಳಿ, ಶುರುವಿನಲ್ಲಿ ಆ ಚೀಟಿ ಕಾಣೋ ಹಾಗೆ.

ಖಾಲಿಬಾಬಿನ್
ಆ ಸ್ಟೇಪ್ಲರ್ ಕೊನೆಗೆ ಹೊಲೀತಾ ಇಲ್ವಾ?

ಅರ್ಧಗಜ
ಹೊಲೀತು. ಒಂದು ಪರದೆಯ ಅಂಚು ಪೂರ್ತಿ ಹೊಲಿದೆ, ಚೆನ್ನಾಗೇ ಕಾಣ್ತಿತ್ತು. ಮೂರನೇ ದಿನ ಕಿಟಕಿ ಚಿಲಕಕ್ಕೆ ದಾರದ ತುದಿ ಸಿಕ್ಕಿಕೊಂಡಿತ್ತು, ನಾನು ಪರದೆ ಸರಿಸಿದೆ. ಈ ಕೊನೆಯಿಂದ ಆ ಕೊನೆವರೆಗೂ ಬಿಚ್ಕೊಂಡು ಹೋಯ್ತು.

ಎಣ್ಣೆಡಬ್ಬಿ
ರಿಪೇರಿ ಕೆಲಸದವನು ನಾನು, ಕೈಗೆ ಎಣ್ಣೆ ಹತ್ತಿ 22 ವರ್ಷ ಆಯ್ತು. ಆ ಕೈಮಿಷನ್ ಪೂರ್ತಿ ಮೋಸ ಅಲ್ಲ, ಅದನ್ನ ಹೊಲಿಗೆ ಮಿಷನ್ನಿಗೆ ಬದಲಿ ಅಂತ ಮಾರೋದು ಮೋಸ. ಅದರಲ್ಲಿ ಕೆಳಗಿನ ದಾರ ಸುತ್ತಿಡೋ ಬಾಬಿನ್ನೇ ಇರಲ್ಲ. ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ. ಮೂಟೆಯ ಬಾಯಿ ಹೊಲಿದಿರ್ತಾರಲ್ಲ, ಸರಿಯಾದ ತುದಿ ಹಿಡಿದು ಎಳೆದ್ರೆ ಸರ್ರನೆ ಬಿಚ್ಚಿಕೊಳ್ಳುತ್ತೆ, ಅದೇ ಜಾತಿ. ಮೂಟೆಗೆ ಅದು ಅನುಕೂಲ, ಉಡೋ ಬಟ್ಟೆಗೆ ಬೇಡ. ನಮ್ಮ ಮಾಮೂಲಿ ಮಿಷನ್ ಹಾಕೋದು ಲಾಕ್ ಹೊಲಿಗೆ. ಮೇಲಿನ ದಾರ, ಬಾಬಿನ್ ದಾರ ಎರಡೂ ಬಟ್ಟೆಯ ಮಧ್ಯ ಒಂದಕ್ಕೊಂದು ಕೊಂಡಿ ಹಾಕ್ಕೊಳ್ತವೆ, ಒಂದು ಕಡೆ ಕಡಿದ್ರೂ ಉಳಿದಿದ್ದು ನಿಲ್ಲುತ್ತೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ತಗೊಂಡಿದ್ದು ಈ ಲಾಕ್ ಹೊಲಿಗೆ ಮಿಷನ್ನಿಗೇ.

ಹಾಗಾಗಿ ಚಿತ್ರದಲ್ಲಿ ಎಷ್ಟೇ ಚೆಂದ ಇರಲಿ, ಕೇಳಬೇಕಾದ ಮೊದಲ ಪ್ರಶ್ನೆ: ಬಾಬಿನ್ ಎಲ್ಲಿ? ನಾಲ್ಕು ಸೆಲ್ ಹಾಕಿ ಓಡಿಸೋ ಸಣ್ಣ ಟೇಬಲ್ ಮಿಷನ್‌ಗಳಲ್ಲಿ ಬಾಬಿನ್ ಇರೋವೂ ಇವೆ. ಆದ್ರೆ ಅದರ ಮೋಟಾರು ಜೀನ್ಸ್ ಪ್ಯಾಂಟಿನ ಪಕ್ಕದ ಹೊಲಿಗೆ ಸಿಕ್ಕಿದ ತಕ್ಷಣ ‘ಊಂ’ ಅಂತ ನಿಂತುಬಿಡುತ್ತೆ. ಮಕ್ಕಳ ಆಟಕ್ಕೆ, ಕರವಸ್ತ್ರಕ್ಕೆ ಸರಿ.

ಲೆಕ್ಕದವ
ಎಲ್ಲರೂ ಸೇರಿ ಪಾಪ ಅವರನ್ನ ಹೆದರಿಸ್ತಿದ್ದೀರಿ. ಅಗ್ಗ ಅಂದ ಮಾತ್ರಕ್ಕೆ ಮೋಸ ಅಂತ ಯಾರು ಹೇಳಿದ್ದು? ನಾನು ಈಗ ಬಳಸ್ತಿರೋ ಮಿಷನ್ ಅರ್ಧ ಬೆಲೆಗೆ ಸಿಕ್ಕಿದ್ದು. ಅಂಗಡಿಯಲ್ಲಿ ನೋಡೋಕೆ ಇಟ್ಟಿದ್ದ ಪೀಸು, ಡಬ್ಬಿ ಇಲ್ಲ, ಪಕ್ಕದಲ್ಲಿ ಒಂದು ಗೀರು. ನಾಲ್ಕು ವರ್ಷ ಆಯ್ತು, ಒಂದು ಬೆಲ್ಟ್ ಬಿಟ್ಟು ಏನೂ ಬದಲಿಸಿಲ್ಲ. ಹೊಸ ಮಾಡೆಲ್ ಬಂದಾಗ ಹಳೇದಕ್ಕೆ ಬೆಲೆ ಇಳಿಸ್ತಾರೆ, ಕೊಂಡವರು ವಾಪಸ್ ಕೊಟ್ಟಿದ್ದನ್ನ ಕಮ್ಮಿಗೆ ಹಾಕ್ತಾರೆ. ನಿಮ್ಮ ಲೆಕ್ಕದಲ್ಲಿ ಇವೆಲ್ಲ ಮೋಸಾನಾ?

ಕತ್ತರಿಅಕ್ಕ
ಲೆಕ್ಕದವರೇ, ನಿಮ್ಮ ಮಾತು ಒಪ್ಪಿದೆ. ಆದರೆ ನಿಮ್ಮದೇ ಕಥೆ ಸ್ವಲ್ಪ ಗಮನಿಸಿ. ಬೆಲೆ ಯಾಕೆ ಇಳಿದಿದೆ ಅನ್ನೋದು ನಿಮ್ಮ ಕಣ್ಣಿಗೆ ಕಾಣ್ತಿತ್ತು: ಗೀರು ಇದೆ, ಡಬ್ಬಿ ಇಲ್ಲ. ಹೊಸಸೂಜಿಯವರ ಜಾಹೀರಾತಿನಲ್ಲಿ ಕಾರಣ ಬರೀ ಕಿವಿಗೆ ಕೇಳಿದ್ದು. ಗೋದಾಮು ಎಲ್ಲಿದೆ, ಯಾಕೆ ಖಾಲಿ ಮಾಡ್ತಿದ್ದಾರೆ, ಯಾರೂ ನೋಡಿಲ್ಲ. ತರಗತಿಗೆ ಬರೋ ಹುಡುಗಿಯರಿಗೆ ನಾನು ಹೇಳೋದು ಇಷ್ಟೇ. ಅಗ್ಗ ಆಗಿರೋದಕ್ಕೆ ಕಾರಣ ಮಿಷನ್ ಮೇಲೆ ಕೈಯಿಟ್ಟು ತೋರಿಸೋ ಹಾಗಿದ್ರೆ ಮುಂದೆ ಮಾತಾಡಿ, ಬರೀ ಕಥೆ ಇದ್ರೆ ಎದ್ದು ಬನ್ನಿ.

ಕಥೆಗಳೂ ಹೊಸವೇನಲ್ಲ. ‘ಶಾಲೆಗಳಿಗೆ ಅಂತ ವಿಶೇಷವಾಗಿ ಮಾಡಿಸಿದ ಮಿಷನ್, ಆರ್ಡರ್ ರದ್ದಾಯ್ತು, ಅದಕ್ಕೇ ಕೊಟ್ಟುಬಿಡ್ತಿದ್ದೀವಿ’ ಅನ್ನೋದು ಪತ್ರಿಕೆ ಜಾಹೀರಾತಿನ ಕಾಲದಿಂದ ಓಡ್ತಿರೋ ಕಥೆ. ಹಾಲ್ ಬಾಡಿಗೆಗೆ ಹಿಡಿದು ಎರಡು ದಿನ ಮಾರಿ ಮೂರನೇ ದಿನ ಜಾಗ ಖಾಲಿ. ಆಮೇಲೆ ಬಾಬಿನ್ ಕೇಸ್ ಬೇಕು ಅಂದ್ರೆ ಯಾರನ್ನ ಕೇಳ್ತೀರಿ?

ಲೆಕ್ಕದವ
ಸರಿ ಅಕ್ಕಾ, ಇದನ್ನ ಒಪ್ಕೋತೀನಿ. ನಾನು ಬಿಲ್ಲು, ಸೀರಿಯಲ್ ನಂಬರ್ ಎರಡೂ ನೋಡಿಯೇ ತಗೊಂಡಿದ್ದು.

ಎಣ್ಣೆಡಬ್ಬಿ
ಸೀರಿಯಲ್ ನಂಬರ್ ಅಂದ್ರಿ, ಒಂದು ಸೇರಿಸ್ತೀನಿ. ತಳದಲ್ಲಿ ನಂಬರಿನ ಸ್ಟಿಕ್ಕರ್ ಕಿತ್ತಿರೋದು, ಉಜ್ಜಿರೋದು ಕಂಡ್ರೆ ಬೆಲೆ ಕೇಳೋದೂ ಬೇಡ. ಕದ್ದ ಮಾಲಾಗಿರಬಹುದು, ಇಲ್ಲ ಬೇರೆ ದೇಶದ ಮಾರುಕಟ್ಟೆಗೆ ಅಂತ ಬಂದದ್ದನ್ನ ಇಲ್ಲಿ ತಂದಿರಬಹುದು. ಎರಡನೇ ಥರದ್ದರಲ್ಲಿ ಇನ್ನೊಂದು ತೊಂದರೆ ವಿದ್ಯುತ್ತು. ಜಪಾನಿನಲ್ಲಿ ಮನೆಗೆ ಬರೋದು 100 ವೋಲ್ಟ್. ಆ ದೇಶದೊಳಗೆ ಮಾರೋಕೆ ಮಾಡಿದ ಮಿಷನ್ನನ್ನ 220–240 ವೋಲ್ಟ್ ಇರೋ ಕಡೆ ನೇರ ಚುಚ್ಚಿದ್ರೆ ಒಂದೇ ಕ್ಷಣ. ಹಳೇ ಮೋಟಾರಾದ್ರೆ ಬೇರೆ ಹಾಕಬಹುದು, ಕಂಪ್ಯೂಟರೈಸ್ಡ್ ಆದ್ರೆ ಒಳಗಿನ ಬೋರ್ಡೇ ಹೋಗುತ್ತೆ. ಬೋರ್ಡಿನ ಬೆಲೆ ಕೇಳಿದ ಮೇಲೆ ಬಹಳ ಜನ ಮಿಷನ್ನನ್ನ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾರೆ. ಪ್ಲಗ್ಗಿನ ಹತ್ತಿರ ಸಣ್ಣ ತಟ್ಟೆಯಲ್ಲಿ ವೋಲ್ಟ್ ಬರೆದಿರುತ್ತೆ, ಓದಿ.

ಹೊಸಸೂಜಿ
ಇಷ್ಟು ಬೇಗ ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಆ ಪುಟವನ್ನ ಮುಚ್ಚಿದೆ. ಸುಮ್ಮನೆ ಕುತೂಹಲಕ್ಕೆ ಅದರ ಚಿತ್ರವನ್ನ ಹುಡುಕಿ ನೋಡಿದೆ. ಅದೇ ಹೆಂಗಸು, ಅದೇ ಮಿಷನ್, ಐದು ಬೇರೆ ಬೇರೆ ಹೆಸರಿನ ಪುಟಗಳಲ್ಲಿ ಇದ್ದಾಳೆ. ಈಗ ಆ ಹಳೇ ಕಬ್ಬಿಣದ್ದರ ಬಗ್ಗೆ ಹೇಳಿ. ಮಾರೋರು ‘ಇದು ಲಿಮಿಟೆಡ್ ಎಡಿಷನ್, ನೂರು ವರ್ಷದ ಬಿಲ್ಲೆ ಇದೆ, ಮುಂದೆ ಬೆಲೆ ಏರುತ್ತೆ’ ಅಂತಿದ್ದಾರೆ. ಹಾಗಿದ್ರೆ ಇಷ್ಟು ಅಗ್ಗ ಯಾಕೆ ಕೊಡ್ತಾರೆ ಅಂತ ತಲೆ ಕೆಟ್ಟಿದೆ.

ಹಳೇಕಬ್ಬಿಣ
ನನ್ನ ಹೆಸರು ಕರೆದ ಹಾಗಾಯ್ತು. ಮನೆಯಲ್ಲಿ ಒಂಬತ್ತು ಹಳೇ ಮಿಷನ್ ಇವೆ, ಹತ್ತನೆಯದು ಬಂದ್ರೆ ನಾನು ಹೊರಗೆ ಅಂತ ಎಚ್ಚರಿಕೆ ಸಿಕ್ಕಿದೆ.

ಆ ಬಿಲ್ಲೆಯಲ್ಲಿ ನೀಲಿ ಅಂಚು, 1851–1951 ಅಂತ ಇದೆಯಾ? ಇದ್ರೆ ಅದು ಸಿಂಗರ್ ಕಂಪನಿ ತನ್ನ ನೂರನೇ ವರ್ಷಕ್ಕೆ ಹಾಕಿದ್ದು. ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851ರಲ್ಲಿ. ಆ ಸಮಯದಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಮಾಮೂಲಿ ಮಾಡೆಲ್‌ಗಳಿಗೂ ಆ ಬಿಲ್ಲೆ ಬಿದ್ದಿದೆ, ರಾಶಿ ರಾಶಿ ಇವೆ. ಲಿಮಿಟೆಡ್ಡೂ ಅಲ್ಲ, ಅಪರೂಪವೂ ಅಲ್ಲ. ಬಿಲ್ಲೆ ಇದ್ದದ್ದಕ್ಕೆ ಒಂದು ಕಾಸೂ ಹೆಚ್ಚು ಕೊಡಬೇಡಿ. ಮಿಷನ್ ಒಳ್ಳೇದಿರಬಹುದು, ಅದು ಬೇರೆ ಮಾತು.

ಹಾಗೇ ‘ನೂರೈವತ್ತು ವರ್ಷ ಹಳೇದು’ ಅನ್ನೋರೂ ಸಿಗ್ತಾರೆ. ಸಿಂಗರ್ ಸೀರಿಯಲ್ ನಂಬರಿನ ಮುಂದೆ ಇಂಗ್ಲಿಷ್ ಅಕ್ಷರ ಹಾಕೋಕೆ ಶುರು ಮಾಡಿದ್ದು 1900ರಿಂದ. ಅಕ್ಷರ ಕಂಡ್ರೆ ಅದು ಹತ್ತೊಂಬತ್ತನೇ ಶತಮಾನದ ಮಾಲಲ್ಲ, ವಾದ ಅಲ್ಲಿಗೆ ಮುಗೀತು. ಹೆಸರನ್ನೂ ಪೂರ್ತಿ ನಂಬಬೇಡಿ. ಎರಡನೇ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಸಿಂಗರ್ 15ನೇ ಮಾದರಿಯದೇ ನಕಲು ಮಾಡಿ, ಕೊಳ್ಳೋ ವ್ಯಾಪಾರಿ ಯಾವ ಹೆಸರು ಕೇಳಿದ್ರೆ ಆ ಹೆಸರು ಅಂಟಿಸಿ ಹೊರದೇಶಕ್ಕೆ ಕಳಿಸ್ತಿದ್ದವು. ತಮಾಷೆ ಅಂದ್ರೆ ಆ ನಕಲುಗಳೇ ಬಹಳ ಗಟ್ಟಿ, ಅದರ ಬಾಬಿನ್, ಬಾಬಿನ್ ಕೇಸ್ ಇವತ್ತಿಗೂ ಸುಲಭವಾಗಿ ಸಿಗ್ತವೆ.

ಅಗ್ಗ ಯಾಕೆ ಅಂದ್ರಿ. ತೂಕ ಕಣ್ರೀ, ತೂಕ. ಕಬ್ಬಿಣದ ಕಾಲು, ಹಲಗೆ, ಮಿಷನ್ ಸೇರಿ ಒಬ್ಬರು ಎತ್ತೋ ವಸ್ತುವಲ್ಲ. ಮನೆ ಬದಲಾಯಿಸೋರಿಗೆ ಅದು ಪೀಡೆ. ‘ಮೇಲಿಂದ ಕೆಳಗೆ ಇಳಿಸ್ಕೊಂಡು ಹೋಗಿ’ ಅಂದ್ರಲ್ಲ, ಆ ಮೆಟ್ಟಿಲೇ ನಿಮ್ಮ ರಿಯಾಯಿತಿ.

ಖಾಲಿಬಾಬಿನ್
ಹಳೇ ಸಿಂಗರ್ ಒಳಗೆ ಕೆಂಪು ಪಾದರಸ ಇರುತ್ತೆ, ಕೋಟಿ ಬೆಲೆ ಬಾಳುತ್ತೆ ಅಂತ ನಮ್ಮ ಮಾವನ ಗುಂಪಿನಲ್ಲಿ ಬಂದಿತ್ತು. ಮಾರಬೇಡಿ ಮೇಡಂ, ಕೊಳ್ಳಿ!

ಹಳೇಕಬ್ಬಿಣ
ನಗಬೇಡಿ, ಅದು ನಿಜವಾಗ್ಲೂ ಊರು ಕೆಡಿಸಿದ ಸುಳ್ಳು. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಸುದ್ದಿ ಹಬ್ಬಿ ಹಳೇ ಸಿಂಗರ್ ಮಿಷನ್ನಿಗೆ 2 ಲಕ್ಷ ರಿಯಾಲ್‌ವರೆಗೆ ಬೆಲೆ ಹೋಗಿತ್ತು ಅಂತ ಸುದ್ದಿಸಂಸ್ಥೆಗಳು ಬರೆದಿದ್ವು. ಪರೀಕ್ಷೆ ಹೇಗೆ ಅಂತೀರಿ? ಸೂಜಿಯ ಹತ್ತಿರ ಮೊಬೈಲ್ ಹಿಡಿಯೋದು, ಕರೆ ಕಟ್ ಆದ್ರೆ ಒಳಗೆ ಪಾದರಸ ಇದೆ ಅಂತ! ದರ್ಜಿ ಅಂಗಡಿಗಳಿಗೆ ಕನ್ನ ಹಾಕಿ ಮಿಷನ್ ಕದ್ದರು. ಕೆಂಪು ಪಾದರಸ ಅನ್ನೋ ಆ ಮಾಯದ ವಸ್ತು ಇದೆ ಅನ್ನೋದಕ್ಕೇ ಆಧಾರ ಇಲ್ಲ, ಇನ್ನು ಹೊಲಿಗೆ ಮಿಷನ್ನಿನೊಳಗೆ ಯಾಕೆ ಬರುತ್ತೆ. ಒಳಗಿರೋದು ಕಬ್ಬಿಣ, ಎಣ್ಣೆಯ ಜಿಡ್ಡು, ಯಾರದೋ ಮುರಿದ ಸೂಜಿಯ ತುದಿ.

ಅಲ್ಲಿ ಮೋಸ ಹೋದೋರು ‘ಕೊಂಡು ಇಟ್ಟರೆ ದುಪ್ಪಟ್ಟಾಗುತ್ತೆ’ ಅಂತ ಕೊಂಡವರು. ನಿಮ್ಮ ಮಾರಾಟಗಾರರು ಹೇಳ್ತಿರೋದೂ ಅದನ್ನೇ, ಸಣ್ಣ ಸ್ವರದಲ್ಲಿ.

ದಾರಗಂಟು
ದುಪ್ಪಟ್ಟು ಅಂದಾಗ ಬರೀಬೇಕು ಅನ್ನಿಸ್ತು. ಈ ವಿಷಯ ಮನೆಯಲ್ಲೂ ಪೂರ್ತಿ ಹೇಳಿಲ್ಲ.

‘ಮನೆಯಲ್ಲೇ ಕೂತು ಹೊಲಿಯಿರಿ, ಹೊಲಿದಷ್ಟನ್ನೂ ನಾವೇ ಕೊಳ್ತೀವಿ’ ಅಂತ ಒಂದು ಕಡೆ ಕರೆದರು. ಹೋದೆ. ಚೆನ್ನಾದ ಕಚೇರಿ, ಗೋಡೆ ತುಂಬ ಚೀಲಗಳ ಮಾದರಿ. ಷರತ್ತು ಒಂದೇ: ಮಿಷನ್ ಅವರಿಂದಲೇ ತಗೋಬೇಕು, ‘ಒಂದೇ ಗುಣಮಟ್ಟ ಬರಬೇಕಲ್ಲ’ ಅಂತ. ಬೆಲೆ ಹೊರಗಿನದಕ್ಕಿಂತ ಹೆಚ್ಚೇ. ಆದ್ರೆ ‘ಮೂರು ತಿಂಗಳಲ್ಲಿ ಮಿಷನ್ ನಿಮಗೆ ಪುಕ್ಕಟೆ ಆದ ಹಾಗೆ’ ಅಂತ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ರು. ದಿನಕ್ಕೆ ಇಷ್ಟು ಚೀಲ, ಚೀಲಕ್ಕೆ ಇಷ್ಟು, ತಿಂಗಳಿಗೆ ಇಷ್ಟು. ಲೆಕ್ಕ ಸರಿಯಾಗೇ ಇತ್ತು. ಕೂಡಿಸೋದು, ಗುಣಿಸೋದು ಎಲ್ಲೂ ತಪ್ಪಿರಲಿಲ್ಲ.

ಮೊದಲ ಕಂತು 40 ಚೀಲ ಹೊಲಿದು ಕೊಟ್ಟೆ. 38 ತಗೊಂಡ್ರು, ಆವತ್ತೇ ದುಡ್ಡು ಕೊಟ್ರು. ನನಗೆ ಆಕಾಶಕ್ಕೆ ಮೂರೇ ಗೇಣು. ನಾನೇ ಇನ್ನಿಬ್ಬರನ್ನ ಕರ್ಕೊಂಡು ಹೋಗಿ ಸೇರಿಸಿದೆ, ಇವತ್ತಿಗೂ ಅದೇ ಚುಚ್ಚೋದು. ಎರಡನೇ ಕಂತಿನಲ್ಲಿ 60ಕ್ಕೆ 20 ತಗೊಂಡ್ರು. ‘ಹೊಲಿಗೆ ನೇರ ಇಲ್ಲ.’ ಸ್ಕೇಲ್ ಇಟ್ಟು ನೋಡಿದೆ, ನೇರ ಇತ್ತು. ಮೂರನೇ ಕಂತಿನಲ್ಲಿ ಎಲ್ಲವೂ ವಾಪಸ್, ಮೇಲೆ ‘ಬಟ್ಟೆ ಹಾಳು ಮಾಡಿದ್ದಕ್ಕೆ’ ಕಡಿತ. ನಾಲ್ಕನೇ ಸಲ ಹೋದಾಗ ಬಾಗಿಲಿಗೆ ಬೇರೆ ಬೀಗ.

ಅವರಿಗೆ ಚೀಲ ಬೇಕಿರಲೇ ಇಲ್ಲ. ಅವರ ವ್ಯಾಪಾರ ಮಿಷನ್ ಮಾರೋದು, ಆ ಮೊದಲ 38 ಚೀಲದ ದುಡ್ಡು ಅವರ ಜಾಹೀರಾತಿನ ಖರ್ಚು. ಆ ಜಾಹೀರಾತನ್ನ ಬೀದಿ ಬೀದಿಗೆ ಹೊತ್ತುಕೊಂಡು ಹೋದವಳು ನಾನು.

ಕತ್ತರಿಅಕ್ಕ
ಬರೆದಿದ್ದು ಒಳ್ಳೇದಾಯ್ತು ತಂಗೀ. ನನ್ನ ತರಗತಿಗೂ ಹಾಗೇ ಮೋಸ ಹೋಗಿ ಬಂದವರು ಮೂವರಿದ್ದಾರೆ. ಮಿಷನ್ ಅಂತೂ ನಿಮ್ಮ ಹತ್ತಿರವೇ ಇದೆಯಲ್ಲ, ಓಡ್ತಿದೆಯಾ?

ದಾರಗಂಟು
ಓಡ್ತಿದೆ ಅಕ್ಕಾ. ಈಗ ಪಕ್ಕದವರ ಪ್ಯಾಂಟಿನ ಅಂಚು, ಜಿಪ್ಪು ಎಲ್ಲ ಹಾಕಿಕೊಡ್ತೀನಿ. ಆ ಇಬ್ಬರಲ್ಲಿ ಒಬ್ಬರು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಲೆಕ್ಕದವ
ಕೆಲಸ ಕೊಡೋರು ನಿಜವಾದೋರಾಗಿದ್ರೆ ನಿಮ್ಮ ಮನೆಯಲ್ಲಿರೋ ಮಿಷನ್ನಿನಲ್ಲಿ ಹೊಲಿದದ್ದನ್ನೂ ತಗೋತಾರೆ. ‘ನನ್ನದೇ ಮಿಷನ್ ಇದೆ, ಅದರಲ್ಲಿ ಹತ್ತು ಹೊಲಿದು ತರಲಾ?’ ಅಂತ ಒಂದು ಪ್ರಶ್ನೆ ಕೇಳಿ ನೋಡಬೇಕು. ಉಚಿತ ಮಿಷನ್, ನೋಂದಣಿ ಶುಲ್ಕ ಮಾತ್ರ ಕಟ್ಟಿ ಅನ್ನೋದೂ ಇದರ ತಮ್ಮನೇ.

ಹೊಸಸೂಜಿ
ದಾರಗಂಟು ಅವರೇ, ನಿಮ್ಮ ಧೈರ್ಯ ದೊಡ್ಡದು. ನಾಳಿದ್ದು ಆ ಹಳೇ ಮಿಷನ್ ನೋಡೋಕೆ ಹೋಗ್ತಿದ್ದೀನಿ. ಈ ನಡುವೆ ಒಂದು ಅಂಗಡಿಗೂ ಹೋಗಿದ್ದೆ. ಅವರದೇ ಜಾಹೀರಾತಿನಲ್ಲಿದ್ದ ಕಡಿಮೆ ಬೆಲೆಯದು ತೋರಿಸಿ ಅಂದ್ರೆ, ‘ಅಯ್ಯೋ ಅದು ಬೇಡ ಮೇಡಂ, ಆರು ತಿಂಗಳೂ ಬರಲ್ಲ, ಇದು ಹೆವಿ ಡ್ಯೂಟಿ, ಇಂಡಸ್ಟ್ರಿಯಲ್ ಥರಾನೇ’ ಅಂತ ಇನ್ನೊಂದನ್ನ ಮುಂದೆ ಇಟ್ರು. ಹೆವಿ ಡ್ಯೂಟಿ ಅಂದ್ರೆ ಏನು?

ಎಣ್ಣೆಡಬ್ಬಿ
ಹೆವಿ ಡ್ಯೂಟಿ ಅನ್ನೋದು ಡಬ್ಬಿ ಮೇಲೆ ಬರೆಯೋ ಮಾತು, ಅಳತೆ ಅಲ್ಲ. ಕಾರ್ಖಾನೆಯ ನೇರ ಹೊಲಿಗೆ ಮಿಷನ್ ನಿಮಿಷಕ್ಕೆ 5000ದಷ್ಟು ಹೊಲಿಗೆ ಹಾಕುತ್ತೆ, ಮನೆಯದು 600ರಿಂದ 1100. ಕಾರ್ಖಾನೆಯದಕ್ಕೆ ಮೋಟಾರು ಮೇಜಿನ ಕೆಳಗೆ ಬೇರೆಯೇ ಇರುತ್ತೆ, ತಲೆ ಎಣ್ಣೆಯ ತೊಟ್ಟಿ ಮೇಲೆ ಕೂತಿರುತ್ತೆ. ಸೂಜಿ ತೆಗೆದು ನೋಡಿ: ಮನೆಯ ಮಿಷನ್ ಸೂಜಿಯ ಬುಡದಲ್ಲಿ ಒಂದು ಪಕ್ಕ ಚಪ್ಪಟೆ, ಕಾರ್ಖಾನೆಯ ನೇರ ಹೊಲಿಗೆ ಮಿಷನ್ನಿನ ಸೂಜಿ ಸಾಮಾನ್ಯವಾಗಿ ಪೂರ್ತಿ ದುಂಡು. ಕೈಯಲ್ಲಿ ಎತ್ತಿಕೊಂಡು ಹೋಗೋ ಪ್ಲಾಸ್ಟಿಕ್ ಮೈಯದನ್ನ ‘ಇಂಡಸ್ಟ್ರಿಯಲ್ ಥರಾನೇ’ ಅಂದ್ರೆ ಆ ‘ಥರಾನೇ’ ಅನ್ನೋದಕ್ಕೆ ದುಡ್ಡು ಕೊಡ್ತಿದ್ದೀರಿ.

ಲೆಕ್ಕದವ
ಅಂಗಡಿಯವರು ಮಾಡಿದ್ದು ಗಾಳದ ಜಾಹೀರಾತು. ಕಡಿಮೆ ಬೆಲೆಯದು ತೋರಿಸಿ ಕರೆಯೋದು, ಬಂದಾಗ ಅದನ್ನ ಅವರೇ ಹೀಯಾಳಿಸಿ ದುಬಾರಿಯದಕ್ಕೆ ತಿರುಗಿಸೋದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಇಟ್ಟಿದೆ. ಜಾಹೀರಾತಿನ ವಸ್ತು ತೋರಿಸದಿರೋದು, ಅದನ್ನ ಹಳಿಯೋದು, ಬೇಕಾದಷ್ಟು ಸ್ಟಾಕ್ ಇಡದಿರೋದು, ಇವೇ ಅದರ ಗುರುತು. ತಾವೇ ಜಾಹೀರಾತು ಕೊಟ್ಟ ವಸ್ತುವನ್ನ ತಾವೇ ಬೈಯೋ ವ್ಯಾಪಾರಿ ಅಂದ್ರೆ ಅಷ್ಟರಲ್ಲೇ ಗೊತ್ತಾಗಬೇಕು.

ಎಣ್ಣೆಡಬ್ಬಿ
ಹೊಸಸೂಜಿಯವರೇ, ನಾಳಿದ್ದು ಹೋಗುವಾಗ ಕೈಚೀಲದಲ್ಲಿ ಇಷ್ಟು ಇರಲಿ: 14 ನಂಬರಿನ ಹೊಸ ಸೂಜಿ ಎರಡು, ಕೆಂಪು ದಾರ, ಬಿಳಿ ದಾರ, ನೀವು ದಿನಾ ಹೊಲಿಯೋ ತೆಳು ಬಟ್ಟೆಯ ತುಂಡು, ಹಳೇ ಜೀನ್ಸಿನ ತುಂಡು. ಅವರು ಕೊಡೋ ಬಟ್ಟೆಯಲ್ಲಿ ನೋಡಬೇಡಿ. ಗಂಜಿ ಹಾಕಿದ ಗಟ್ಟಿ ಬಟ್ಟೆಯ ಮೇಲೆ ಎಂಥ ಮಿಷನ್ನೂ ಮುತ್ತು ಪೋಣಿಸಿದ ಹಾಗೆ ಹೊಲಿಯುತ್ತೆ.

ದಾರ ಹಾಕೋಕೆ ಮುಂಚೆ ಬಟ್ಟೆ ಒತ್ತಿ ಹಿಡಿಯೋ ಪಾದ ಎತ್ತಿ, ಚಕ್ರವನ್ನ ನಿಮ್ಮ ಕಡೆಗೆ ನಿಧಾನ ತಿರುಗಿಸಿ. ಹತ್ತು ಸುತ್ತು. ಕಣ್ಣು ಮುಚ್ಕೊಂಡು ಕೈಗೆ ಏನು ಅನ್ನಿಸುತ್ತೆ ನೋಡಿ. ಸುತ್ತೆಲ್ಲ ಒಂದೇ ಸಮ ಬಿಗಿ ಇದ್ರೆ ಹೆದರಬೇಡಿ, ಹಳೇ ಎಣ್ಣೆ ಒಣಗಿ ಅಂಟಾಗಿದೆ, ಬಿಡಿಸಬಹುದು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ‘ಟಕ್’ ಅಂತ ತಡೆದ್ರೆ ಯೋಚನೆ ಮಾಡಿ, ಹಲ್ಲುಚಕ್ರ ಸೀಳಿರಬಹುದು, ಇಲ್ಲ ಶಾಫ್ಟ್ ಬಾಗಿರಬಹುದು. ಆಮೇಲೆ ಚಕ್ರ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ, ಸೂಜಿ ಹಿಡಿದಿರೋ ಕಂಬಿಯನ್ನೂ ಅಲ್ಲಾಡಿಸಿ. ಲಟಲಟ ಅಂದ್ರೆ ಸವೆದಿದೆ.

ಸೂಜಿಯ ಕೆಳಗಿನ ತಟ್ಟೆಯ ತೂತಿನ ಸುತ್ತ ಉಗುರು ಆಡಿಸಿ. ಉಗುರು ಸಿಕ್ಕಿದ್ರೆ ಅಲ್ಲಿ ಸೂಜಿ ಬಡಿದು ಮುಳ್ಳಾಗಿದೆ, ದಾರ ಅಲ್ಲೇ ಹರಿಯೋದು. ಹಾಗೇ ಕೆಳಗೆ ದಾರದ ಕುಣಿಕೆ ಹಿಡಿಯೋ ಶಟಲ್ ತೆಗೆದು ಅದರ ಕೊಕ್ಕಿನ ತುದಿ ನೋಡಿ, ಮೊನೆ ಚೂಪಾಗಿರಬೇಕು. ಸೂಜಿ ಪೂರ್ತಿ ಕೆಳಗಿಳಿದು 2ರಿಂದ 2.5 ಮಿಲಿಮೀಟರ್ ಮೇಲೆದ್ದಾಗ ಆ ಮೊನೆ ಸೂಜಿಯ ಕಣ್ಣಿನ ಸ್ವಲ್ಪ ಮೇಲೆ ಹಾದು ಹೋಗಬೇಕು, ಅಷ್ಟು ಹೊತ್ತಿಗೆ ದಾರ ಕುಣಿಕೆಯಾಗಿರುತ್ತೆ. ಅದು ತಪ್ಪಿದ್ರೆ ಹೊಲಿಗೆ ಬಿಡುತ್ತೆ. ಹೊಸಬರಿಗೆ ಇದು ಕಷ್ಟ, ಕಂಡ್ರೆ ಕಾಣಲಿ.

ಕೊನೆಗೆ ಮೇಲೆ ಕೆಂಪು, ಬಾಬಿನ್‌ಗೆ ಬಿಳಿ. ಎರಡು ಪದರ ಇಟ್ಟು ಒಂದು ಗೇಣು ಹೊಲಿದು ತಿರುಗಿಸಿ. ಕೆಳಗಡೆ ಕೆಂಪು ಚುಕ್ಕಿ ಕಂಡ್ರೆ ಮೇಲಿನ ದಾರದ ಬಿಗಿ, ಅಂದ್ರೆ ಟೆನ್ಷನ್, ಸಡಿಲ, ತಿರುಪು ತಿರುಗಿಸಿದ್ರೆ ಸರಿಹೋಗಬೇಕು. ಎಷ್ಟು ತಿರುಗಿಸಿದ್ರೂ ಬದಲಾಗಲಿಲ್ಲ ಅಂದ್ರೆ ಟೆನ್ಷನ್ ಬಿಲ್ಲೆಗಳ ಮಧ್ಯ ಕಸ, ಇಲ್ಲ ಸ್ಪ್ರಿಂಗ್ ಸತ್ತಿದೆ. ಹೊಸ ಬಣ್ಣ, ಹೊಸ ಚಿನ್ನದ ಹೂವಿನ ಸ್ಟಿಕ್ಕರ್ ಥಳಥಳ ಅಂತಿದ್ರೆ ತಲೆಯನ್ನ ಹಿಂದಕ್ಕೆ ಮಗುಚಿ ಹೊಟ್ಟೆ ನೋಡಿ. ಬಣ್ಣ ಬಳಿಯೋರು ಹೊಟ್ಟೆಗೆ ಬಳಿಯಲ್ಲ, ತುಕ್ಕು ಅಲ್ಲಿರುತ್ತೆ.

ಅರ್ಧಗಜ
ಮುಂಗಡ ಕೇಳಿದ್ರೆ? ‘ಇನ್ನೊಬ್ಬರು ಬರ್ತಿದ್ದಾರೆ, ಸ್ವಲ್ಪ ಹಾಕಿದ್ರೆ ನಿಮಗೇ ಇಡ್ತೀನಿ’ ಅಂತಾರೆ.

ಕತ್ತರಿಅಕ್ಕ
ಆ ಇನ್ನೊಬ್ಬರಿಗೇ ಕೊಟ್ಟುಬಿಡಿ ಅನ್ನಿ. ಅವಸರ ಮಾರೋರದ್ದು, ನಮ್ಮದಲ್ಲ.

ಹೊಸಸೂಜಿ
ಹೋಗಿ ಬಂದೆ! ಉದ್ದ ಆಗುತ್ತೆ, ಕ್ಷಮಿಸಿ.

ಮಾರ್ತಿದ್ದವರು ವಯಸ್ಸಾದ ಅಮ್ಮ. ಲಿಮಿಟೆಡ್ ಎಡಿಷನ್ ಅಂದಿದ್ದು ಅವರ ಮಗ, ಎಲ್ಲೋ ಓದಿದ್ದಂತೆ. ಬಿಲ್ಲೆ ಹಳೇಕಬ್ಬಿಣ ಸರ್ ಹೇಳಿದ ನೀಲಿ ಅಂಚಿನದೇ. ನಾನು ‘ಇದು ಬಹಳ ಮಿಷನ್‌ಗೆ ಇದೆಯಂತೆ’ ಅಂದಾಗ ಅಮ್ಮ ನಕ್ಕು ‘ನಾನು ಅವನಿಗೆ ಅದನ್ನೇ ಹೇಳಿದ್ದೆ’ ಅಂದರು. ಯಾಕೆ ಮಾರ್ತೀರಿ ಅಂದೆ. ಮೊಣಕಾಲು ತೋರಿಸಿದ್ರು, ತುಳಿಯೋಕಾಗಲ್ಲ.

ಚಕ್ರ ತಿರುಗಿಸಿದೆ, ಸುತ್ತೆಲ್ಲ ಬಿಗಿ, ಆದ್ರೆ ಎಲ್ಲೂ ಟಕ್ ಅನ್ನಲಿಲ್ಲ. ಉಗುರಿಗೆ ತಟ್ಟೆಯಲ್ಲಿ ಒಂದು ಕಡೆ ಚೂರು ಸಿಕ್ತು. ಕೆಂಪು ದಾರ ಕೆಳಗೆ ಚುಕ್ಕಿ ಚುಕ್ಕಿ ಕಂಡಿತು, ತಿರುಪು ಅರ್ಧ ಸುತ್ತು ಬಿಗಿ ಮಾಡಿದ ಮೇಲೆ ಹೋಯ್ತು. ಹೊಟ್ಟೆಯಲ್ಲಿ ತುಕ್ಕು ಇಲ್ಲ, ಕಂದು ಜಿಡ್ಡು ಇದೆ. ಯಾರೋ ಹಿಂದೆ ಕೂಡಿಸಿದ ಮೋಟಾರಿನ ತಟ್ಟೆ ಓದಿದೆ, 110 ವೋಲ್ಟ್! ನಮ್ಮ ಮನೆಗೆ 230. ಮಗ ಪ್ಲಗ್ ಚುಚ್ಚಿ ತೋರಿಸ್ತೀನಿ ಅಂತ ಕೈಯಲ್ಲಿ ಹಿಡ್ಕೊಂಡಿದ್ರು, ನಾನು ಕೂಗಿಬಿಟ್ಟೆ.

ಮೋಟಾರು ಬಿಟ್ಟು ಬರೀ ಮಿಷನ್, ಕಾಲು ಮಾತ್ರ ತಗೊಂಡೆ, ಆ ಲೆಕ್ಕಕ್ಕೆ ಇನ್ನೂ ಸ್ವಲ್ಪ ಬಿಟ್ರು. ಇಳಿಸೋಕೆ ಮೂವರು ಬೇಕಾಯ್ತು. ಈಗ ನನ್ನ ಕೋಣೆಯಲ್ಲಿದೆ. ತುಳಿದ್ರೆ ಹೋಗ್ತಿದೆ, ಆದ್ರೆ ಗಾಡಿ ತಳ್ಳಿದ ಹಾಗೆ ಭಾರ. ಅಡುಗೆಮನೆ ಎಣ್ಣೆ ಎರಡು ಹನಿ ಬಿಡಲಾ ಅಂತ ನಮ್ಮನೆಯವರು ಕೇಳ್ತಿದ್ದಾರೆ.

ಎಣ್ಣೆಡಬ್ಬಿ
ಬೇಡವೇ ಬೇಡ! ಅಡುಗೆ ಎಣ್ಣೆ ಒಣಗಿದ್ರೆ ಗೋಂದು. ಮೊದಲು ದಾರ, ಬಾಬಿನ್ ಎಲ್ಲ ತೆಗೆಯಿರಿ. ಮೈಮೇಲೆ ಕಾಣೋ ಪ್ರತಿ ಎಣ್ಣೆ ತೂತಿಗೂ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ಚಕ್ರ ತಿರುಗಿಸಿ, ರಾತ್ರಿ ಹಾಗೇ ಬಿಡಿ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಹೊಳೆಯೋ ಬಣ್ಣದ ಮೇಲೆ ಬಿದ್ರೆ ತಕ್ಷಣ ಒರೆಸಿ. ಬೆಳಿಗ್ಗೆ ಕಂದು ನೀರು ಇಳಿದಿರುತ್ತೆ, ಒರೆಸಿ ಹೊಲಿಗೆ ಮಿಷನ್ ಎಣ್ಣೆ ಹಾಕಿ. ಎರಡು ದಿನ ಮಾಡಬೇಕಾಗಬಹುದು. ತಟ್ಟೆಯಲ್ಲಿ ಉಗುರಿಗೆ ಸಿಕ್ಕಿದ ಜಾಗಕ್ಕೆ 1000 ನಂಬರಿನ ಉಜ್ಜುಕಾಗದ ತಗೊಂಡು ಹಗುರವಾಗಿ ಉಜ್ಜಿ, ಹೆಚ್ಚು ಬೇಡ.

ಖಾಲಿಬಾಬಿನ್
ಕಂದು ನೀರಿನ ಜೊತೆ ಕೆಂಪು ಪಾದರಸ ಏನಾದ್ರೂ ಇಳಿದ್ರೆ ನನಗೂ ಸ್ವಲ್ಪ ಎತ್ತಿಡಿ.

ಹೊಸಸೂಜಿ
ಸೂಜಿಯ ಹತ್ತಿರ ಫೋನ್ ಹಿಡಿದು ನೋಡಿದೆ, ಕರೆ ಕಟ್ ಆಗಲಿಲ್ಲ. ಎಣ್ಣೆ ತೂತು ಹದಿಮೂರು ಸಿಕ್ಕಿವೆ, ಇನ್ನೂ ಇರುತ್ತಾ?

ಎಣ್ಣೆಡಬ್ಬಿ
ಇರುತ್ತೆ. ಎಡಗಡೆ ಮುಖದ ಮೇಲಿನ ತಗಡು ಬಿಚ್ಚಿ ನೋಡಿ, ಸೂಜಿ ಕಂಬಿ ಓಡಾಡೋ ಜಾಗ ಅಲ್ಲಿದೆ. ತಿರುಪು ಒಂದೇ, ಕಳ್ಕೋಬೇಡಿ.